ಛಾಯಾಗ್ರಾಹಕನ ಗ್ರಾಹಕ ಯಾರು?

ಬ್ಯಾಂಕುಗಳ ಗೋಡೆಗಳ ಮೇಲೆ ಬಹುಕಾಲದಿಂದ ಒಂದು ಫಲಕವನ್ನು ಕಾಣಬಹುದು. ಸಂಸ್ಥೆಗೆ ಬರುವವರಲ್ಲೆಲ್ಲ ಗ್ರಾಹಕನೇ ಅತ್ಯಂತ ಮಹತ್ವದವನು ಎಂಬ ಆಶಯದ ಆ ನುಡಿಯನ್ನು ಮಹಾತ್ಮಾ ಗಾಂಧಿಯವರ ಹೆಸರಿನಲ್ಲಿ ಬರೆಸುವ ವಾಡಿಕೆಯಿದೆ. ಅದು ಅವರದೇ ಮಾತೆಂಬುದಕ್ಕೆ ಖಚಿತವಾದ ಆಧಾರ ದೊರೆತಿಲ್ಲವಾದರೂ ವ್ಯವಹಾರಸ್ಥರೆಲ್ಲರೂ ನೆನಪಿನಲ್ಲಿಡಬೇಕಾದ ಮಾತು ಅದು. ಬ್ಯಾಂಕಿನಲ್ಲಿ ಗ್ರಾಹಕನು ಯಾರೆಂಬ ಸಂದೇಹಕ್ಕೆ ಆಸ್ಪದವಿಲ್ಲ; ಖಾತೆಯು ಯಾರ ಹೆಸರಿನಲ್ಲಿದೆಯೋ ಅವನೇ ಗ್ರಾಹಕ. ಭಾವಚಿತ್ರ ತೆಗೆಯುವ ಛಾಯಾಗ್ರಾಹಕನ ಅಂಗಡಿಯಲ್ಲಿ ಮಾತ್ರ ಹಾಗಿಲ್ಲ. ಅಲ್ಲಿ ಹಣ ಕೊಡುವವರು ಒಬ್ಬರು, ದೀಪದ ಮುಂದೆ ಕುಳಿತುಕೊಳ್ಳುವವರು ಇನ್ನೊಬ್ಬರು. ‘ಈ ಗಿರಾಕಿ ಬಹಳ ಕಠಿಣ’ ಎಂದು ಛಾಯಾಗ್ರಾಹಕರು ಹಣೆ ಒತ್ತಿಕೊಳ್ಳುವ ಪ್ರಸಂಗಗಳಲ್ಲಿ ಹೆಚ್ಚಿನವು ಈ ಇಬ್ಬರ ನಡುವಣ ಅಂತರದಿಂದಲೇ ಹುಟ್ಟುತ್ತವೆ.

ಪುಣೆಗೆ ಕ್ಯಾಮೆರಾ ಹೊಸದಲ್ಲ. ಕೊಲ್ಹಾಪುರದ ಪ್ರಭಾತ್ ಫಿಲ್ಮ್ ಕಂಪನಿಯು 1933ರಲ್ಲಿ ಈ ನಗರಕ್ಕೆ ಬಂದು ನೆಲೆಸಿತು. ಅದೇ ಆವರಣದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. 1974-75ರ ಅವಧಿಯಲ್ಲಿ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದುದು ಇಲ್ಲಿಯ ಕನ್ನಡಿಗರಿಗೆ ಅಭಿಮಾನದ ಸಂಗತಿ. ಆ ದೊಡ್ಡ ಜಗತ್ತಿಗೆ ಸಂಬಂಧವಿಲ್ಲದೆ ಲಕ್ಷ್ಮೀ ರಸ್ತೆಯಲ್ಲಿ, ಕ್ಯಾಂಪಿನಲ್ಲಿ, ಬಡಾವಣೆಗಳ ಮೂಲೆಮೂಲೆಗಳಲ್ಲಿ ಸಾಮಾನ್ಯ ಸ್ಟುಡಿಯೋಗಳು ತಮ್ಮ ಕೆಲಸವನ್ನು ನಡೆಸಿಕೊಂಡು ಬಂದಿವೆ. ಇಂದು ಎಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮೆರಾ ಇದೆ. ಪಾಸ್‌ಪೋರ್ಟಿನ ಭಾವಚಿತ್ರವನ್ನು ಮುಂಢ್ವಾದ ಸೇವಾಕೇಂದ್ರದಲ್ಲಿಯೇ ತೆಗೆಯುತ್ತಾರೆ. ಆದುದರಿಂದ ಸ್ಟುಡಿಯೋದ ಮೆಟ್ಟಿಲು ಏರುವವರು ಬಹುಮಟ್ಟಿಗೆ ಮಹತ್ವದ ಕಾರಣಕ್ಕಾಗಿಯೇ ಬರುತ್ತಾರೆ: ಕನ್ಯೆಯ ಬಯೋಡಾಟಾದೊಡನೆ ಕಳಿಸಬೇಕಾದ ಚಿತ್ರ, ತಂದೆಯ ಷಷ್ಟ್ಯಬ್ದಿ, ಅಜ್ಜಿಯದೊಂದು ‘ಒಳ್ಳೆಯ ಫೋಟೋ’. ಕಾರಣವು ದೊಡ್ಡದಾದಷ್ಟೂ ನಿರೀಕ್ಷೆಯೂ ಆತಂಕವೂ ದೊಡ್ಡವು.

ಮೊದಲಿಗೆ ಕನ್ಯೆಯ ಚಿತ್ರದ ಪ್ರಸಂಗವನ್ನೇ ತೆಗೆದುಕೊಳ್ಳೋಣ. ತಂದೆಯೋ ಸೋದರಮಾವನೋ ಮಗಳನ್ನು ಕರೆತರುತ್ತಾರೆ. ಹಿನ್ನೆಲೆ ಯಾವುದಿರಬೇಕು, ಸೀರೆಯ ಸೆರಗು ಹೇಗಿರಬೇಕು, ನಗು ಎಷ್ಟಿರಬೇಕು ಎಂಬುದನ್ನೆಲ್ಲ ಅವರೇ ನಿರ್ಣಯಿಸುತ್ತಾರೆ. ಕೊನೆಗೆ ಛಾಯಾಗ್ರಾಹಕನನ್ನು ಪಕ್ಕಕ್ಕೆ ಕರೆದು, “ಬಣ್ಣ ಸ್ವಲ್ಪ ತಿಳಿಯಾಗಿ ಬರಲಿ” ಎಂದು ಹೇಳುತ್ತಾರೆ. ಪಕ್ಕಕ್ಕೆ ಕರೆದರೂ ಕೋಣೆ ಚಿಕ್ಕದು. ಆ ಮಾತು ಮಗಳ ಕಿವಿಗೆ ಬೀಳದಿರುವುದಿಲ್ಲ. ಆಮೇಲೆ ಅವಳ ಮುಖದಲ್ಲಿ ನಗು ಮೂಡಲಿಲ್ಲವೆಂದು ತಂದೆಗೆ ಅಸಮಾಧಾನ, ಛಾಯಾಗ್ರಾಹಕನಿಗೆ ಬೇಸರ. ಇಲ್ಲಿ ಕಠಿಣ ಗ್ರಾಹಕ ಯಾರು? ಮಗಳಂತೂ ಅಲ್ಲ. ತಂದೆಯನ್ನೂ ಸುಲಭವಾಗಿ ದೂರುವಂತಿಲ್ಲ. ಕಪ್ಪು ಬಣ್ಣದ ಹೆಣ್ಣಿನ ತಂದೆಯನ್ನು ಸಮಾಜವು ಎಷ್ಟು ಬಾರಿ ಮರಳಿ ಕಳಿಸಿದೆಯೆಂಬುದು ಅವನಿಗೇ ಗೊತ್ತು. ಆದರೆ ಛಾಯಾಗ್ರಾಹಕನು ಯಾರ ಮಾತನ್ನು ನಡೆಸಬೇಕು ಎಂಬ ಪ್ರಶ್ನೆಯು ಉಳಿದೇ ಉಳಿಯುತ್ತದೆ.

ಕಾನೂನು ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಡುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಕಲಮಿನ ಪ್ರಕಾರ, ಪ್ರತಿಫಲವನ್ನು ಪಡೆದು ಒಬ್ಬರ ಕೋರಿಕೆಯ ಮೇರೆಗೆ ತೆಗೆದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಆ ಕೋರಿಕೆ ಮಾಡಿದವರೇ ಮೊದಲ ಹಕ್ಕುದಾರರು. ಅಂದರೆ ಚಿತ್ರದ ಒಡೆತನವು ತೆಗೆದವನಿಗೂ ಇಲ್ಲ, ಮುಖವನ್ನು ಕೊಟ್ಟವರಿಗೂ ಇಲ್ಲ, ತೆಗೆಯಿಸಿದವರಿಗೆ ಇದೆ. ಚೆನ್ನಾಗಿ ಬಂದ ಚಿತ್ರವನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿ ಪ್ರದರ್ಶನಕ್ಕೆ ಇಡುವವರು ಈ ಕಲಮನ್ನು ಅವಶ್ಯವಾಗಿ ತಿಳಿದಿರಬೇಕು. ವ್ಯವಹಾರದ ದೃಷ್ಟಿಯಿಂದ ಈ ನಿಯಮವು ಸರಿಯೇ. ಆದರೆ ಕಾನೂನು ಕೋರಿಕೆ ಮಾಡಿದವರ ಪಕ್ಷದಲ್ಲಿ ನಿಂತಿರುವಾಗ, ಕುರ್ಚಿಯಲ್ಲಿ ಕುಳಿತವರ ಪಕ್ಷದಲ್ಲಿ ನಿಲ್ಲಲು ಆ ಕೋಣೆಯಲ್ಲಿ ಛಾಯಾಗ್ರಾಹಕನಲ್ಲದೆ ಬೇರೆ ಯಾರೂ ಇರುವುದಿಲ್ಲ. ಇದನ್ನು ಅರಿತುಕೊಳ್ಳುವುದೇ ಈ ವೃತ್ತಿಯ ಮೊದಲ ಧರ್ಮ.

ಈ ಧರ್ಮವು ಹಿರಿಯ ಕಲಾವಿದರಿಗೆ ತಿಳಿಯದ ವಿಷಯವಲ್ಲ. ರಾಜಾ ದೀನ್ ದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಪದ್ಧತಿಯ ಸ್ತ್ರೀಯರಿಗಾಗಿಯೇ ಪ್ರತ್ಯೇಕವಾದ ಜನಾನಾ ಸ್ಟುಡಿಯೋವನ್ನು ತೆರೆದು, ಅದರ ಉಸ್ತುವಾರಿಯನ್ನು ಒಬ್ಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ಗ್ರಾಹಕರ ಸಂಕೋಚವನ್ನು ಹಟವೆಂದು ತಿಳಿಯದೆ, ಆ ಸಂಕೋಚಕ್ಕೆ ತಕ್ಕಂತೆ ತಮ್ಮ ವ್ಯವಸ್ಥೆಯನ್ನೇ ಅವರು ಬದಲಾಯಿಸಿಕೊಂಡರು. ಮೈಸೂರಿನ ಟಿ. ಎಸ್. ಸತ್ಯನ್ ಅವರು, 1977ರಲ್ಲಿ ಪದ್ಮಶ್ರೀ ಪಡೆದ ಹಿರಿಯ ಛಾಯಾಗ್ರಾಹಕರು, ಸಾಮಾನ್ಯ ಜನರ ಸಹಜವಾದ ಮುಖಭಾವವನ್ನು ಸೆರೆಹಿಡಿದು ಹೆಸರಾದವರು.

ಪಾಶ್ಚಾತ್ಯ ದೇಶಗಳಲ್ಲಿ ಒಬ್ಬನೇ ವ್ಯಕ್ತಿಯ ಎರಡು ಭಾವಚಿತ್ರಗಳ ಕಥೆ ಪ್ರಸಿದ್ಧವಾಗಿದೆ. 1941ರ ಡಿಸೆಂಬರ್ 30ರಂದು ಬ್ರಿಟಿಷ್ ಪ್ರಧಾನಿ ಚರ್ಚಿಲ್ಲರು ಕೆನಡಾದ ಸಂಸತ್ತಿನಲ್ಲಿ ಭಾಷಣ ಮಾಡಿ ಹೊರಬಂದಾಗ, ಛಾಯಾಗ್ರಾಹಕ ಯೂಸುಫ್ ಕಾರ್ಷ್ ದೀಪಗಳನ್ನು ಹೊಂದಿಸಿಕೊಂಡು ಕಾದಿದ್ದನು. ಏರ್ಪಾಟು ಮಾಡಿದವರು ಬೇರೆಯವರು. ಕುಳಿತುಕೊಳ್ಳಬೇಕಾದವರಿಗೆ ಮುಂಚಿತವಾಗಿ ತಿಳಿಸಿಯೇ ಇರಲಿಲ್ಲ. ಚರ್ಚಿಲ್ಲರು ಸಿಟ್ಟಾದರು, ಕಾರ್ಷ್ ಕ್ಷಮೆ ಕೇಳುತ್ತಲೇ ಅವರ ಬಾಯಿಯ ಚುಟ್ಟವನ್ನು ತೆಗೆದು ಚಿತ್ರವನ್ನು ಹಿಡಿದನು. ಆ ಗಂಟುಮುಖದ ಚಿತ್ರವು ಜಗತ್ಪ್ರಸಿದ್ಧವಾಯಿತು. ಇನ್ನೊಂದು 1954ರದು. ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಸಂಸತ್ತಿನ ಉಭಯ ಸದನಗಳ ಸದಸ್ಯರು ಗ್ರಹಾಂ ಸದರ್ಲೆಂಡ್ ಎಂಬ ಚಿತ್ರಕಾರನಿಂದ ವರ್ಣಚಿತ್ರವನ್ನು ಬರೆಸಿ ಅರ್ಪಿಸಿದರು. ವೃದ್ಧಾಪ್ಯದ ಆ ಚಿತ್ರಣವು ಅವರಿಗೆ ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ಮುಂದೆ ಅವರ ಪತ್ನಿಯ ಇಚ್ಛೆಯಂತೆ ಅದು ನಾಶವಾಯಿತೆಂಬುದು 1978ರಲ್ಲಿ ಬಹಿರಂಗಗೊಂಡಿತು. ಒಂದರಲ್ಲಿ ಏರ್ಪಾಟು ಬೇರೆಯವರದು, ಮತ್ತೊಂದರಲ್ಲಿ ಹಣ ಬೇರೆಯವರದು. ಕಾರ್ಷ್‌ನ ಧೈರ್ಯ ಫಲಿಸಿತೆಂದು ಎಲ್ಲರೂ ಅದನ್ನು ಅನುಕರಿಸಹೊರಟರೆ ಅಪಾಯವೇ ಹೆಚ್ಚು. ಅಂಥ ಧೈರ್ಯದ ಅವಶ್ಯಕತೆಯೇ ಬೀಳದಂತೆ ಮೊದಲೇ ಮಾತನಾಡಿಕೊಳ್ಳುವುದು ಲೇಸು.

ಕುಳಿತವರಿಗೇ ತಮ್ಮ ಚಿತ್ರವು ಸೇರದಿರುವುದು ಎರಡನೆಯ ಬಗೆಯ ಕಷ್ಟ. “ಇದು ನನ್ನ ಮುಖವೇ ಅಲ್ಲ” ಎನ್ನುವವರನ್ನು ಛಾಯಾಗ್ರಾಹಕರು ಅಹಂಕಾರಿಗಳೆಂದು ಬಗೆಯುವುದುಂಟು. ಇದಕ್ಕೆ ಮನಶ್ಶಾಸ್ತ್ರದಲ್ಲಿ ಸರಳವಾದ ಕಾರಣವಿದೆ. ನಮ್ಮ ಮುಖವನ್ನು ನಾವು ಕಾಣುವುದು ಕನ್ನಡಿಯಲ್ಲಿ. ಅಲ್ಲಿ ಎಡವು ಬಲವಾಗಿರುತ್ತದೆ. ಉಳಿದವರು ಕಾಣುವುದು ಇದರ ವಿಪರ್ಯಾಸವನ್ನು. ಅಮೆರಿಕದಲ್ಲಿ ಮೀಟಾ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರದೇ ಚಿತ್ರವನ್ನು ನೇರವಾಗಿಯೂ ತಿರುಗಿಸಿಯೂ ತೋರಿಸಿದಾಗ, ಅವರು ಕನ್ನಡಿಯಂತೆ ತಿರುಗಿಸಿದುದನ್ನು ಹೆಚ್ಚಾಗಿ ಮೆಚ್ಚಿದರು. ಅವರ ಗೆಳೆಯರು ನೇರವಾದುದನ್ನು ಮೆಚ್ಚಿದರು. ಪರಿಚಯವೇ ಪ್ರೀತಿಗೆ ಮೂಲವೆಂಬುದು ಇದರ ತಾತ್ಪರ್ಯ. ಇನ್ನೊಂದು ಕಾರಣ ಮೊಬೈಲಿನದು. ತೋಳಿನ ಅಳತೆಗಿಂತಲೂ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂಗು ದೊಡ್ಡದಾಗಿ ತೋರುತ್ತದೆ. 12 ಅಂಗುಲದಿಂದ ತೆಗೆದಾಗ 5 ಅಡಿಯ ಚಿತ್ರಕ್ಕಿಂತ ಮೂಗಿನ ಅಗಲವು ಶೇಕಡಾ 30ರಷ್ಟು ಹೆಚ್ಚಾಗಿ ಕಾಣುವುದೆಂದು 2018ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಲೇಖನವು ಲೆಕ್ಕ ಹಾಕಿದೆ. ಇಂಥ ಚಿತ್ರಗಳನ್ನು ಕಂಡು ಮೂಗಿನ ಶಸ್ತ್ರಕ್ರಿಯೆಗೆ ಓಡುವವರಿಗೆ ಈ ಮಾಹಿತಿ ಉಪಕಾರಿಯಾದೀತು.

ಆದುದರಿಂದ ಛಾಯಾಗ್ರಾಹಕನು ಐದಾರು ಅಡಿ ದೂರದಲ್ಲಿ ನಿಲ್ಲಲಿ. ಚಿತ್ರವನ್ನು ಪರದೆಯ ಮೇಲೆ ಒಮ್ಮೆ ತಿರುಗಿಸಿ ತೋರಿಸಲಿ. ಪರಿಚಿತ ಮುಖವನ್ನು ಕಂಡು ಅನೇಕರ ಅರ್ಧ ಅಸಮಾಧಾನವು ಅಲ್ಲಿಯೇ ಇಳಿದೀತು. ಆದರೆ ತನ್ನ ಮುಖದ ಒಂದು ಚಿಕ್ಕ ಊನವನ್ನೇ ದಿನವಿಡೀ ಚಿಂತಿಸುತ್ತ, ಎಷ್ಟು ತಿದ್ದಿದರೂ ತೃಪ್ತಿ ಕಾಣದವರು ವಿರಳವಾಗಿ ಬರುವುದುಂಟು. ಅದು ವೈದ್ಯರು ಗುರುತಿಸಿರುವ ಮನೋವ್ಯಾಧಿಯೂ ಆಗಿರಬಹುದು. ಅಂಥವರೊಡನೆ ವಾದವೂ ಬೇಡ, ಹಾಸ್ಯವೂ ಬೇಡ. ಮನೆಯವರು ವೈದ್ಯರ ಸಲಹೆ ಪಡೆಯುವುದು ಯೋಗ್ಯ.

ಶರೀರದ ಸ್ಥಿತಿಯೂ ಎಷ್ಟೋ ವೇಳೆ ಕಠಿಣ ಸ್ವಭಾವದಂತೆ ತೋರುತ್ತದೆ. ಕಣ್ಣಿನ ಪೊರೆ ಬಂದವರಿಗೆ ಪ್ರಖರವಾದ ದೀಪವು ಕಣ್ಣು ಕೋರೈಸುತ್ತದೆ. ಪಾರ್ಕಿನ್‌ಸನ್ ರೋಗದಲ್ಲಿ ಮುಖದ ಸ್ನಾಯುಗಳು ಬಿಗಿದು ಭಾವವು ಹೊರಗೆ ತೋರುವುದು ಕಡಿಮೆಯಾಗುತ್ತದೆ. ಅವರಿಗೆ “ನಗಿರಿ, ನಗಿರಿ” ಎನ್ನುವುದು ಹಿಂಸೆ. ಮಧುಮೇಹವಿರುವ ಹಿರಿಯರನ್ನು ಊಟದ ಹೊತ್ತು ಮೀರಿ ಕಾಯಿಸಬಾರದು. ತೊನ್ನಿನ ಕಲೆಗಳು ಸಾಂಕ್ರಾಮಿಕವಲ್ಲ. ಅವರನ್ನು ಕೇಳದೆ ಆ ಕಲೆಗಳನ್ನು ಚಿತ್ರದಿಂದ ಅಳಿಸುವುದು ಉಪಕಾರವೂ ಅಲ್ಲ.

ಪುಣೆಯ ಕನ್ನಡ ಮನೆತನಗಳಲ್ಲಿ ಇನ್ನೊಂದು ತೊಡಕು ಭಾಷೆಯದು. ಮಗನ ಮನೆಗೆಂದು ಧಾರವಾಡದಿಂದಲೋ ವಿಜಯಪುರದಿಂದಲೋ ಬಂದ ಅಜ್ಜಿಗೆ ಮರಾಠಿ ತಿಳಿಯದು. ಛಾಯಾಗ್ರಾಹಕನು ಮಗನಿಗೆ ಹೇಳುತ್ತಾನೆ, ಮಗನು ತಾಯಿಗೆ ಹೇಳುತ್ತಾನೆ. ಹೇಳುವಾಗ ತನ್ನದೊಂದು ಗದರಿಕೆಯನ್ನೂ ಸೇರಿಸುತ್ತಾನೆ. ಆಕೆ ಬಿಗಿದುಕೊಂಡು ಕೂಡುತ್ತಾಳೆ. ಮರಾಠಿ ಛಾಯಾಗ್ರಾಹಕನು “ಅಜ್ಜಿ, ಸ್ವಲ್ಪ ಹಿಂಗ ನೋಡ್ರಿ” ಎಂಬ ಒಂದು ವಾಕ್ಯವನ್ನು ಕಲಿತರೂ ಸಾಕು, ಮುಖದ ಗಂಟು ಸಡಿಲುತ್ತದೆ. ಆ ಚಿತ್ರವು ಮುಂದೊಂದು ದಿನ ಹಾರ ಹಾಕಿಸಿಕೊಂಡು ಗೋಡೆಯನ್ನೇರುವುದೆಂಬುದು ಅಲ್ಲಿದ್ದ ಮೂವರಿಗೂ ಗೊತ್ತಿರುತ್ತದೆ, ಅಜ್ಜಿಗೂ ಸಹ. ಹಾಗಿರುವಾಗ ಆಕೆ ಹೇಗೆ ಕಾಣಬಯಸುತ್ತಾಳೆಂದು ಆಕೆಯನ್ನೇ ಕೇಳುವುದು ನ್ಯಾಯವಲ್ಲವೇ?

ಇನ್ನು ಮೂರನೆಯ ಬಗೆ, ಹಣಕಾಸಿನ ಜಗಳ. ಇದಕ್ಕೆ ಔಷಧವು ಲೆಕ್ಕದ ಪುಸ್ತಕದಲ್ಲಿದೆ. ಎಷ್ಟು ಚಿತ್ರಗಳು, ಅವುಗಳಲ್ಲಿ ತಿದ್ದಿ ಕೊಡುವವು ಎಷ್ಟು, ಯಾವ ದಿನ ಕೊಡುವುದು, ಮುಂಗಡವೆಷ್ಟು, ಮತ್ತೊಮ್ಮೆ ತೆಗೆಯಬೇಕಾದರೆ ಖರ್ಚು ಯಾರದು—ಈ ಐದು ಬಾಬುಗಳನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು. ಬಾಯಿಮಾತಿನ ಕರಾರಿಗೂ ಕಾನೂನಿನ ಮಾನ್ಯತೆಯುಂಟು. ಆದರೆ ಬಾಯಿಮಾತನ್ನು ಇಬ್ಬರೂ ಎರಡು ಬಗೆಯಾಗಿ ನೆನಪಿಡುತ್ತಾರೆ.

ಉಳಿಯುವುದು ತಿದ್ದುವಿಕೆಯ ಪ್ರಶ್ನೆ. ಹದಿನೈದು ದಿನಗಳಲ್ಲಿ ತಾನಾಗಿಯೇ ಮಾಯುವ ಮೊಡವೆ, ತರಚುಗಾಯಗಳನ್ನು ಛಾಯಾಗ್ರಾಹಕನು ತಾನೇ ಅಳಿಸಬಹುದು. ಶಾಶ್ವತವಾಗಿರುವ ಮಚ್ಚೆ, ಕಲೆ, ಮೈಬಣ್ಣಗಳನ್ನು ಮುಖದ ಒಡೆಯರು ಸ್ವತಃ ಕೇಳಿಕೊಂಡರೆ ಮಾತ್ರ ಮುಟ್ಟಬೇಕು. ಗುರುತಿನ ಕಾಗದಪತ್ರಗಳಿಗಾಗಿ ತೆಗೆದ ಚಿತ್ರಗಳಲ್ಲಿ ಯಾರು ಕೇಳಿದರೂ ಮುಟ್ಟಬಾರದು. ಮಗಳೇ ತನ್ನ ಬಣ್ಣವನ್ನು ತಿಳಿಗೊಳಿಸಲು ಕೇಳಿದರೆ? ಒಮ್ಮೆ ಸ್ಪಷ್ಟವಾಗಿ ತನ್ನ ಅಭಿಪ್ರಾಯವನ್ನು ಹೇಳಿ, ಅನಂತರ ಅವಳ ಇಚ್ಛೆಯಂತೆ ನಡೆಯುವುದು ಉಚಿತ. ಏಕೆಂದರೆ ಮುಖ ಅವಳದು.

“ಇದೆಲ್ಲ ಆದರ್ಶದ ಮಾತು, ಒಲ್ಲೆನೆಂದರೆ ಗಿರಾಕಿಯು ಪಕ್ಕದ ಅಂಗಡಿಗೆ ಹೋಗುತ್ತಾನೆ” ಎಂಬ ಆಕ್ಷೇಪವು ನಿರ್ಲಕ್ಷಿಸುವಂಥದಲ್ಲ. ಬಾಡಿಗೆ, ವಿದ್ಯುತ್ತಿನ ಬಿಲ್ಲು, ಸಾಲದ ಕಂತುಗಳು ಆದರ್ಶವನ್ನು ಕೇಳಿ ನಿಲ್ಲುವುದಿಲ್ಲ. ಆದರೆ ತಿಳಿಬಣ್ಣದ ಚಿತ್ರದ ಮುಂದಿನ ಗತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವರನ ಕಡೆಯವರು ಆ ಚಿತ್ರವನ್ನು ಕೈಯಲ್ಲಿ ಹಿಡಿದೇ ಹೆಣ್ಣು ನೋಡಲು ಬರುತ್ತಾರೆ. ಚಿತ್ರಕ್ಕೂ ಮುಖಕ್ಕೂ ವ್ಯತ್ಯಾಸ ಕಂಡಾಗ ಛಾಯಾಗ್ರಾಹಕನು ಅಲ್ಲಿರುವುದಿಲ್ಲ. ತಂದೆಯು ಏನಾದರೂ ಸಬೂಬು ಹೇಳಿಯಾನು. ಅವಮಾನದ ಪೂರ್ತಿ ಮೊತ್ತವು ಮಗಳ ಖಾತೆಗೇ ಬೀಳುತ್ತದೆ. ಈ ಮಾತನ್ನು ತಂದೆಗೆ ಏಕಾಂತದಲ್ಲಿ, ಮೆಲ್ಲಗೆ, ಮಗಳ ಮೇಲಿನ ಅವನ ಪ್ರೀತಿಯನ್ನೇ ಸಾಕ್ಷಿಯಾಗಿಟ್ಟು ಹೇಳಿದರೆ ಒಪ್ಪದ ತಂದೆಯರು ಕಡಿಮೆ. ಒಪ್ಪದಿದ್ದರೆ ಮುಂಗಡವನ್ನು ಮರಳಿಸಿ ನಮಸ್ಕಾರ ಹೇಳುವುದೂ ವ್ಯವಹಾರವೇ. ಸಾಲದ ಅರ್ಜಿಗಳನ್ನೆಲ್ಲ ಮಂಜೂರು ಮಾಡುವ ಬ್ಯಾಂಕು ಬಹಳ ದಿನ ಬಾಳದು. ಕೋರಿಕೆಗಳನ್ನೆಲ್ಲ ನಡೆಸಿಕೊಡುವ ಛಾಯಾಗ್ರಾಹಕನ ಹೆಸರೂ ಹಾಗೆಯೇ.

ಈ ವಿಷಯದಲ್ಲಿ ಛಾಯಾಗ್ರಾಹಕರಿಗೆ ಮಾತ್ರ ಉಪದೇಶ ಮಾಡಿದರೆ ಸಾಲದು. ದಸರೆ ದೀಪಾವಳಿಗಳ ಹೊತ್ತಿಗೆ ಮನೆಯ ಹಿರಿಯರನ್ನೋ ಹೆಣ್ಣುಮಕ್ಕಳನ್ನೋ ಸ್ಟುಡಿಯೋಕ್ಕೆ ಕರೆದೊಯ್ಯುವ ಪ್ರತಿಯೊಬ್ಬರೂ ಇಷ್ಟನ್ನು ಪಾಲಿಸಬಹುದು: ಹಣ ಕೊಟ್ಟು ಹೊರಗಿನ ಬಾಕಿನ ಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತಿರುವುದು. ಒಳಗೆ ಕುಳಿತವರು ತಮ್ಮ ಚಿತ್ರವನ್ನು ತಾವೇ ಆರಿಸಿಕೊಳ್ಳಲಿ.