ವಿಜ್ಞಾನ ವಿಹಾರ: ಜಾರಿದ ನೆಲ, ತಿರುಗುವ ಕೀಲು

ಕಳೆದ ತಿಂಗಳು ಈ ಅಂಕಣ ಪ್ರಕಟವಾಗಲಿಲ್ಲ. ಕಾರಣ ವಿಚಾರಿಸಿ ಕೆಲವು ವಾಚಕರು ಪತ್ರ ಬರೆದಿದ್ದಾರೆ. ಅವರ ವಿಶ್ವಾಸಕ್ಕೆ ಋಣಿಯಾಗಿದ್ದೇನೆ. ಅಂದಿನ ಆ ಕಾರಣವೇ ಈ ತಿಂಗಳ ವಿಷಯವಾಗಿದೆ.

ಎರಡು ವರ್ಷಗಳ ಹಿಂದೆ ನಾವು ಊರಿನ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸಿದೆವು. ಹಳೆಯ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರು. ಮೂರು ತಲೆಮಾರು ತುಳಿದು ನುಣುಪಾಗಿದ್ದರೂ ಅದರ ಮೇಲೆ ಬಿದ್ದವರನ್ನು ನಾನು ಕಾಣೆ. ಹೊಸ ಮನೆಗೆ ಕನ್ನಡಿಯಂತೆ ಹೊಳೆಯುವ ಟೈಲ್ಸ್ ಬೇಕೆಂದು ಹಟ ಹಿಡಿದವನು ನಾನೇ. ಗೃಹಪ್ರವೇಶದ ದಿನವೇ ಅವ್ವ ಅಂದಿದ್ದಳು: "ತಮ್ಮಾ, ನೆಲದಾಗ ಮಾರಿ ಕಾಣತೈತಿ, ಖರೆ. ಆದ್ರ ಕಾಲಿಡಾಕ ಅಂಜಿಕಿ ಬರತೈತಿ." ವಯಸ್ಸಾದವರ ಮಾತೆಂದು ನಾನು ನಕ್ಕು ಸುಮ್ಮನಾದೆ. ಭೌತವಿಜ್ಞಾನವನ್ನು ಮೂವತ್ತು ವರ್ಷ ಪಾಠ ಹೇಳಿದವನು ನಕ್ಕದ್ದು ಇದು!

ಒಂದು ಮುಂಜಾನೆ ಪಡಸಾಲೆಯನ್ನು ಸಾಬೂನು ನೀರಿನಿಂದ ಒರೆಸಿದ್ದರು. ನೆಲ ಇನ್ನೂ ಆರಿರಲಿಲ್ಲ. ಪೂಜೆಗೆ ಪತ್ರೆ ತರಲು ಹೊರಟ ಅವ್ವನ ಹಿಮ್ಮಡಿ ಮುಂದಕ್ಕೆ ಜಾರಿತು. ತೊಡೆಯ ಮೂಳೆಯು ಸೊಂಟದ ಕೀಲಿಗೆ ಸೇರುವ ಕತ್ತಿನ ಬಳಿಯೇ ಮುರಿದಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ರಾತ್ರಿಗಳಲ್ಲಿ ನನಗೆ ಘರ್ಷಣೆಯ ಹೊರತು ಬೇರೆ ವಿಚಾರವೇ ಬರಲಿಲ್ಲ. ಘರ್ಷಣೆ ಎಂದೊಡನೆ ನಮಗೆ ನೆನಪಾಗುವುದು ದಿನಪತ್ರಿಕೆಯ ಸುದ್ದಿ: ಎರಡು ಗುಂಪುಗಳ ನಡುವೆ ಘರ್ಷಣೆ, ನಾಲ್ವರಿಗೆ ಗಾಯ. ಹೀಗಾಗಿ ಆ ಶಬ್ದಕ್ಕೆ ಕೆಟ್ಟ ಹೆಸರು ಅಂಟಿಕೊಂಡಿದೆ. ವಿಜ್ಞಾನದಲ್ಲಿ ಅದಕ್ಕಿರುವ ಅರ್ಥ ಸರಳ. ಒಂದರ ಮೇಲೊಂದು ತಾಗಿರುವ ಎರಡು ಮೈಗಳು ಪರಸ್ಪರ ಜಾರಲು ಹೊರಟಾಗ, ಆ ಜಾರುವಿಕೆಯನ್ನು ವಿರೋಧಿಸುವ ಬಲವೇ ಘರ್ಷಣೆ. ಇದಿಲ್ಲದಿದ್ದರೆ ಗೋಡೆಗೆ ಹೊಡೆದ ಮೊಳೆ ನಿಲ್ಲದು, ಹಾಕಿದ ಗಂಟು ಬಿಚ್ಚಿಕೊಳ್ಳುವುದು, ನೂಲು ನೂಲಾಗಿ ಉಳಿಯದೆ ಎಳೆ ಎಳೆಯಾಗಿ ಜಾರಿಹೋಗುವುದು. ಉಟ್ಟ ಬಟ್ಟೆಯೇ ಘರ್ಷಣೆಯ ಕೃಪೆ.

ನಡಿಗೆಯೂ ಅಷ್ಟೆ. ನಾವು ಕಾಲಿನ ಶಕ್ತಿಯಿಂದ ನಡೆಯುತ್ತೇವೆಂದು ತಿಳಿದಿದ್ದೇವೆ. ಅದು ಅರ್ಧ ಮಾತ್ರ ನಿಜ. ಪಾದವು ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ಅದಕ್ಕೆ ಪ್ರತಿಯಾಗಿ ನೆಲವು ಪಾದವನ್ನು ಮುಂದಕ್ಕೆ ತಳ್ಳುತ್ತದೆ. ಹೆಜ್ಜೆಯ ಆರಂಭದಲ್ಲಿ ಹಿಮ್ಮಡಿ ಊರಿದಾಗ ಮಾತ್ರ ಇದು ತಿರುಗುಮುರುಗಾಗಿ, ಮುಂದಕ್ಕೆ ಜಾರಲಿರುವ ಹಿಮ್ಮಡಿಯನ್ನು ನೆಲ ಹಿಡಿದು ನಿಲ್ಲಿಸಬೇಕಾಗುತ್ತದೆ. ಆ ಕ್ಷಣದಲ್ಲಿ ನೆಲದ ಹಿಡಿತ ತಪ್ಪಿದರೆ ಪಾದ ಮುಂದೆ ಹೋಗುತ್ತದೆ, ದೇಹ ಹಿಂದೆ ಉಳಿಯುತ್ತದೆ. ಎಳೆಯರು ಕೈ ಬೀಸಿ ಹೇಗೋ ಸಂಭಾಳಿಸಿಕೊಳ್ಳುತ್ತಾರೆ. ವೃದ್ಧರಿಗೆ ಅಷ್ಟು ಚುರುಕು ಎಲ್ಲಿಂದ ಬರಬೇಕು?

ಈ ಹಿಡಿತವನ್ನು ಅಳೆಯಲು ಒಂದು ಅಂಕವಿದೆ. ಅದಕ್ಕೆ ಘರ್ಷಣ ಗುಣಾಂಕ ಎಂದು ಹೆಸರು. 50 ಕಿಲೋ ತೂಕದ ಟ್ರಂಕನ್ನು ಸಮನೆಲದ ಮೇಲೆ ಎಳೆಯಲು 20 ಕಿಲೋ ಭಾರವನ್ನೆತ್ತುವಷ್ಟು ಬಲ ಬೇಕಾದರೆ, ಅಲ್ಲಿ ಗುಣಾಂಕ 0.4. ಸಮತಟ್ಟಾದ ನೆಲದ ಮೇಲೆ ಸಾಧಾರಣ ನಡಿಗೆಗೆ ಸುಮಾರು 0.2ರಷ್ಟು ಹಿಡಿತ ಬೇಕು. ಒಣಗಿದ ನೆಲದಲ್ಲಿ, ಅದು ಹೊಳಪಿನದೇ ಆಗಿರಲಿ, ಇದಕ್ಕೆ ಸಾಮಾನ್ಯವಾಗಿ ಕೊರತೆಯಿಲ್ಲ. ತೊಂದರೆ ಶುರುವಾಗುವುದು ನೀರು ಬಿದ್ದಾಗ. ಸಾಬೂನು ಸೇರಿದರಂತೂ ಕೇಳುವುದೇ ಬೇಡ.

ಘರ್ಷಣೆಯ ನಿಯಮಗಳು ನೋಡಲು ಸರಳವಾದರೂ ಅಚ್ಚರಿ ತರುವಂಥವು. ಇಟಲಿಯ ಲಿಯೊನಾರ್ಡೊ ಡ ವಿಂಚಿ ಹದಿನೈದನೆಯ ಶತಮಾನದ ಕೊನೆಯಲ್ಲೇ ಇವನ್ನು ಕಂಡುಕೊಂಡು ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟಿದ್ದ, ಆದರೆ ಪ್ರಕಟಿಸಲಿಲ್ಲ. ಇನ್ನೂರು ವರ್ಷಗಳ ತರುವಾಯ, 1699ರಲ್ಲಿ, ಫ್ರಾನ್ಸಿನ ಅಮಾಂತಾನ್ ಅವನ್ನೇ ಮತ್ತೊಮ್ಮೆ ಕಂಡುಹಿಡಿದು ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಭಾರ ಇಮ್ಮಡಿಯಾದರೆ ಘರ್ಷಣೆಯೂ ಇಮ್ಮಡಿಯಾಗುತ್ತದೆ ಎಂಬುದನ್ನು ಯಾರಾದರೂ ಒಪ್ಪುತ್ತಾರೆ. ತಾಗುವ ಮೈಯ ವಿಸ್ತಾರಕ್ಕೂ ಘರ್ಷಣೆಗೂ ಸಂಬಂಧವಿಲ್ಲ ಎಂಬ ಇನ್ನೊಂದು ಮಾತನ್ನು ಒಪ್ಪುವುದು ಕಷ್ಟ. ಮನೆಯಲ್ಲಿ ಮಕ್ಕಳು ಇದನ್ನು ಪರೀಕ್ಷಿಸಬಹುದು. ಒಂದು ಇಟ್ಟಿಗೆಗೆ ದಾರ ಕಟ್ಟಿ, ದಾರಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಮೆಲ್ಲಗೆ ಎಳೆಯಲಿ. ಇಟ್ಟಿಗೆಯನ್ನು ಅಗಲವಾಗಿ ಮಲಗಿಸಿ ಎಳೆದರೂ, ಕಿರಿದಾದ ಪಕ್ಕದ ಮೇಲೆ ನಿಲ್ಲಿಸಿ ಎಳೆದರೂ ತಕ್ಕಡಿಯ ಮುಳ್ಳು ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತದೆ.

ಏಕೆ ಹೀಗೆ ಎಂಬುದಕ್ಕೆ ಸಮರ್ಪಕ ಉತ್ತರ ದೊರೆಯಲು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಕಾಯಬೇಕಾಯಿತು. ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಎಷ್ಟೇ ನುಣುಪಾದ ಮೈಯಾದರೂ ಸೂಕ್ಷ್ಮವಾಗಿ ನೋಡಿದರೆ ಅದೊಂದು ಗುಡ್ಡಗಾಡು. ಎರಡು ಮೈಗಳು ತಾಗುವುದೆಂದರೆ ಒಂದು ಗುಡ್ಡಸಾಲನ್ನು ಇನ್ನೊಂದರ ಮೇಲೆ ಬೋರಲು ಹಾಕಿದಂತೆ. ನಿಜವಾಗಿ ತಾಗುವವು ಕೆಲವು ಶಿಖರಗಳು ಮಾತ್ರ. ಭಾರ ಹೆಚ್ಚಿದಂತೆ ಆ ಶಿಖರಗಳು ಚಪ್ಪಟೆಯಾಗಿ, ತಾಗುವ ಜಾಗ ಹೆಚ್ಚುತ್ತದೆ. ಅಲ್ಲಿ ಎರಡೂ ವಸ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜಾರಿಸುವುದೆಂದರೆ ಈ ಅಂಟನ್ನು ಹರಿಯುವುದು.

ನಮ್ಮ ಮನೆಯ ಎರಡು ನೆಲಗಳ ಕಥೆ ಇಲ್ಲಿ ತಿಳಿಯಾಗುತ್ತದೆ. ಶಹಾಬಾದ್ ಕಲ್ಲು ಕಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿ ಸಣ್ಣ ಏರುತಗ್ಗುಗಳಿವೆ. ನೀರು ಬಿದ್ದರೆ ತಗ್ಗುಗಳಲ್ಲಿ ಇಳಿದು ನಿಲ್ಲುತ್ತದೆ, ಏರುಗಳು ಪಾದವನ್ನು ಹಿಡಿಯುತ್ತವೆ. ಹೊಳಪಿನ ಟೈಲಿನಲ್ಲಿ ನೀರಿಗೆ ಇಳಿಯಲು ತಗ್ಗೇ ಇಲ್ಲ. ಪಾದಕ್ಕೂ ನೆಲಕ್ಕೂ ನಡುವೆ ತೆಳುವಾದ ಪೊರೆಯಾಗಿ ಅದು ಸಿಕ್ಕಿಕೊಳ್ಳುತ್ತದೆ. ಆಗ ನಾವು ನಿಂತಿರುವುದು ನೆಲದ ಮೇಲಲ್ಲ, ನೀರಿನ ಮೇಲೆ. ಸವೆದ ಟಯರಿನ ಗಾಡಿ ಮಳೆಗಾಲದಲ್ಲಿ ಜಾರುವುದೂ ಇದೇ ರೀತಿ. ಟಯರಿನ ಗೀರುಗಳು ಅಲಂಕಾರಕ್ಕಲ್ಲ, ನೀರು ಸರಿದುಹೋಗಲು ಮಾಡಿದ ಕಾಲುವೆಗಳು. ಕಾರಿನ ಟಯರಿನಲ್ಲಿ ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಬದಲಿಸತಕ್ಕದ್ದೆಂದು ಸೂಚಿಸುವ ಗುರುತು ಆ ಗೀರಿನೊಳಗೇ ಇರುತ್ತದೆ. ಅದನ್ನು ಬಗ್ಗಿ ನೋಡುವವರು ನೂರಕ್ಕೆ ಎಷ್ಟು ಮಂದಿಯೋ!

ಜಾತ್ರೆಯಲ್ಲಿ ತೇರು ಎಳೆದವರಿಗೆ ಇನ್ನೊಂದು ಅನುಭವವಿದೆ. ನಿಂತ ತೇರನ್ನು ಮೊದಲ ಸಲ ಅಲುಗಿಸಲು ನೂರಾರು ಜನ ಉಸಿರು ಹಿಡಿದು ಜಗ್ಗಬೇಕು. ಒಮ್ಮೆ ಹೊರಟಿತೆಂದರೆ ಅಷ್ಟು ಬಲ ಬೇಡ. ನಿಂತ ಘರ್ಷಣೆಗಿಂತ ಚಲಿಸುವ ಘರ್ಷಣೆ ಕಡಿಮೆಯೆಂಬುದೂ ಇದಕ್ಕೊಂದು ಕಾರಣ. ಚಲಿಸುವ ತೇರನ್ನು ಗಾಲಿಗೆ ಮರದ ತುಂಡು ಕೊಟ್ಟು ಹತೋಟಿಯಲ್ಲಿಡುವವರು ಈ ವ್ಯತ್ಯಾಸವನ್ನು ಮೈಯಲ್ಲೇ ಅರಿತವರು. ಹೊರಟ ತೇರು ಹೊರಟವರ ಮಾತನ್ನೂ ಕೇಳುವುದಿಲ್ಲ.

ಇನ್ನು ಅವ್ವನ ಕೀಲಿನ ವಿಷಯ. ನೆಲಕ್ಕೂ ಪಾದಕ್ಕೂ ನಡುವೆ ಘರ್ಷಣೆ ಬೇಕು. ಸೊಂಟದ ಕೀಲಿನೊಳಗೆ ಅದು ಇರಕೂಡದು. ಆರೋಗ್ಯವಂತರ ಕೀಲಿನಲ್ಲಿ ಗುಣಾಂಕ 0.01ರ ಆಸುಪಾಸಿನಲ್ಲಿ, ಒಮ್ಮೊಮ್ಮೆ ಅದಕ್ಕೂ ಕೆಳಗೆ ಇರುತ್ತದೆ. ಚೆನ್ನಾಗಿ ಎಣ್ಣೆ ಹಾಕಿದ ಚಕ್ಕಡಿಯ ಅಚ್ಚೂ ಇದಕ್ಕೆ ಸರಿಗಟ್ಟದು. ಮೂಳೆಯ ತುದಿಗೆ ಹೊದಿಸಿದ ಮೃದ್ವಸ್ಥಿ, ಅದರ ನಡುವೆ ಲೋಳೆಸರದ ತಿರುಳಿನಂತೆ ಅಂಟಂಟಾದ ದ್ರವ, ಇವೆರಡೂ ಸೇರಿ ಎಪ್ಪತ್ತು ಎಂಬತ್ತು ವರ್ಷ ದುಡಿಯುತ್ತವೆ. ಇಂಥದನ್ನು ಮನುಷ್ಯನ ಕೈಯಿಂದ ಮಾಡುವುದು ಹೇಗೆ?

ಇದಕ್ಕೆ ದಾರಿ ತೋರಿದವರು ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ. ಅವರ ಬಳಿಗೆ ಬಂದ ರೋಗಿಯೊಬ್ಬನಿಗೆ ಹಿಂದೆ ಪ್ಲಾಸ್ಟಿಕ್ ಚೆಂಡಿನ ಕೀಲು ಹಾಕಿದ್ದರು. ಅವನು ಬಾಗಿದಾಗಲೆಲ್ಲ ಅದು ಕಿರ್ರೆನ್ನುತ್ತಿತ್ತು. ಹೆಂಡತಿಗೆ ಆ ಸದ್ದು ಸಹಿಸಲಾಗುತ್ತಿರಲಿಲ್ಲವಂತೆ. ಎಣ್ಣೆ ಕಾಣದ ಬಾಗಿಲಿನ ಹಾಗೆ! ಈ ಸದ್ದೇ ಚಾರ್ನ್ಲಿಯವರನ್ನು ಘರ್ಷಣೆಯ ಅಧ್ಯಯನಕ್ಕೆ ಹಚ್ಚಿತು. ಅತ್ಯಂತ ಜಾರುವ ವಸ್ತು ಯಾವುದೆಂದು ಹುಡುಕಿ ಅವರು ಟೆಫ್ಲಾನನ್ನು ಆರಿಸಿದರು. ಇಂದು ನಮ್ಮ ತಾಯಂದಿರ ದೋಸೆ ಹೆಂಚಿನ ಮೇಲಿರುವ ಲೇಪವೇ ಅದು. ನೂರಾರು ರೋಗಿಗಳಿಗೆ ಆ ಕೀಲುಗಳನ್ನು ಜೋಡಿಸಿದರು. ನೋವಿಲ್ಲದೆ ನಡೆಯತೊಡಗಿದ ರೋಗಿಗಳನ್ನು ಕಂಡು ಎಲ್ಲರೂ ಬೆರಗಾದರು. ಆದರೆ ಕೆಲವೇ ವರ್ಷಗಳಲ್ಲಿ ಆ ಬಟ್ಟಲುಗಳು ಸವೆದುಹೋದವು. ಉದುರಿದ ಪುಡಿಯಿಂದ ಸುತ್ತಲಿನ ಮಾಂಸ ಕೆರಳಿತು. ಆ ಪುಡಿಯ ಗುಣವನ್ನು ಅರಿಯಲು ಚಾರ್ನ್ಲಿ ಅದನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಪರೀಕ್ಷಿಸಿದರು. ಜೋಡಿಸಿದ ಕೀಲುಗಳನ್ನು ತಾವೇ ಮತ್ತೆ ತೆಗೆಯಬೇಕಾಯಿತು.

ಘರ್ಷಣೆ ಕಡಿಮೆಯಾದರೆ ಸವೆತವೂ ಕಡಿಮೆಯಾಗುವುದೆಂದು ನಾನೂ ವರ್ಷಗಟ್ಟಲೆ ತರಗತಿಯಲ್ಲಿ ಹೇಳಿಕೊಂಡು ಬಂದವನೇ. ಎರಡೂ ಒಂದೇ ಅಲ್ಲವೆಂಬುದು ಆ ಬಟ್ಟಲುಗಳಿಂದ ಸಿದ್ಧವಾಯಿತು. ಮುಂದೆ 1962ರಲ್ಲಿ ವ್ಯಾಪಾರಿಯೊಬ್ಬ ಮಗ್ಗಗಳ ಹಲ್ಲುಗಾಲಿಗೆ ಬಳಸುವ ಪಾಲಿಥೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನ ತುಂಡನ್ನು ತಂದುಕೊಟ್ಟ. ಚಾರ್ನ್ಲಿ ಅದಕ್ಕೆ ಉಗುರು ಚುಚ್ಚಿ ನೋಡಿ, ಪ್ರಯೋಜನವಿಲ್ಲವೆಂದು ಹೊರಟುಹೋದರು. ಅವರ ಯಂತ್ರಕರ್ಮಿ ಹ್ಯಾರಿ ಕ್ರೇವನ್ ಮಾತ್ರ ಆ ತುಂಡನ್ನು ಸುಮ್ಮನೆ ಉಜ್ಜುವ ಯಂತ್ರಕ್ಕೆ ಹಾಕಿಟ್ಟರು. ಮೂರು ವಾರ ಉಜ್ಜಿದರೂ ಅದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ. ಟೆಫ್ಲಾನಿಗಿಂತ ಅದರ ಘರ್ಷಣೆ ತುಸು ಹೆಚ್ಚೇ, ಆದರೆ ಬಾಳಿಕೆ ಅಪಾರ. ಅದೇ ವರ್ಷದ ನವೆಂಬರಿನಿಂದ ಆ ಬಟ್ಟಲನ್ನು, ಲೋಹದ ಸಣ್ಣ ಚೆಂಡಿನೊಂದಿಗೆ, ರೋಗಿಗಳಿಗೆ ಜೋಡಿಸತೊಡಗಿದರು. ಇಂದು ಲೋಕದಾದ್ಯಂತ ಕೂರಿಸುತ್ತಿರುವ ಸೊಂಟದ ಕೀಲುಗಳಲ್ಲಿ ಬಹುಪಾಲು ಆ ವಂಶದವೇ. ಅವ್ವನಿಗೆ ಹಾಕಿದ ಕೀಲಿನ ಬಟ್ಟಲೂ ಅದೇ ವಸ್ತುವಿನದೆಂದು ವೈದ್ಯರು ಹೇಳಿದಾಗ, ನಾನು ಆ ಯಂತ್ರಕರ್ಮಿಯನ್ನು ಮನಸ್ಸಿನಲ್ಲೇ ನೆನೆದೆ.

ಘರ್ಷಣೆಯಿಂದಾಗುವ ನಷ್ಟದ ಲೆಕ್ಕವೂ ದೊಡ್ಡದಿದೆ. ಜಗತ್ತಿನಲ್ಲಿ ಬಳಕೆಯಾಗುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಘರ್ಷಣೆಯನ್ನು ಗೆಲ್ಲಲೆಂದೇ ವ್ಯಯವಾಗುತ್ತದೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅದರ ವಿವರ ಇನ್ನೊಂದು ಸಂಚಿಕೆಗಿರಲಿ. ಹೊಸ ಮನೆ ಕಟ್ಟಿಸುವವರಿಗೆ ಈಗ ಹೇಳಬೇಕಾದ ಮಾತು ಬೇರೆ. ಬಚ್ಚಲು, ಪಡಸಾಲೆ, ಮೆಟ್ಟಿಲು, ನೀರು ಬೀಳುವ ಹಿತ್ತಲು, ಇಲ್ಲೆಲ್ಲ ಒರಟು ಮೈಯ ಹಾಸನ್ನೇ ಹಾಕಿಸಿರಿ. ಅಂಗಡಿಯಲ್ಲಿ ಮಾದರಿ ತೋರಿಸಿದಾಗ ಒಣಗಿದ್ದನ್ನು ನೋಡಿ ಒಪ್ಪದೆ, ಅದರ ಮೇಲೆ ಒಂದು ಲೋಟ ನೀರು ಸುರಿಸಿ, ಚಪ್ಪಲಿ ಬಿಟ್ಟು ಪಾದದಿಂದ ಉಜ್ಜಿ ನೋಡಿರಿ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿರಿ. ನೆಲ ಒರೆಸಿದ ಮೇಲೆ ಸಾಬೂನು ಹೋಗುವಂತೆ ಬರಿಯ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಆರುವ ತನಕ ಹಿರಿಯರನ್ನು ಕೂರಿಸಿರಿ. ಹೊಳಪು ಬೇಕೆನ್ನುವವರು ದೇವರ ಕೋಣೆಯಲ್ಲೋ ಗೋಡೆಗೋ ಹಾಕಿಸಿಕೊಳ್ಳಲಿ.

ಅವ್ವ ಆಸ್ಪತ್ರೆಯಿಂದ ಬರುವ ಮೊದಲೇ ಗೌಂಡಿಯನ್ನು ಕರೆಸಿ ಪಡಸಾಲೆಯ ಟೈಲ್ಸ್ ಒಡೆಸಿದೆ. ಹಳೆಯ ಮನೆ ಕೆಡವಿದಾಗ ತೆಗೆದ ಶಹಾಬಾದ್ ಕಲ್ಲುಗಳು ಹಿತ್ತಲಿನ ಗೋಡೆಗೆ ಒರಗಿಸಿದಲ್ಲೇ ಇದ್ದವು. ಅವನ್ನೇ ಹಾಸಿದರು. ಮನೆಗೆ ಬಂದ ಮೂರನೆಯ ದಿನ ಅವ್ವ ವಾಕರ್ ಹಿಡಿದು, ಸೊಸೆಯನ್ನು ಪಕ್ಕಕ್ಕೆ ಕರೆದುಕೊಂಡು ಪಡಸಾಲೆಗೆ ಬಂದಳು. ನಿಂತಲ್ಲೇ ನಿಂತು ಬಲಗಾಲಿನ ಅಂಗಾಲನ್ನು ಕಲ್ಲಿನ ಮೇಲೆ ಮೆಲ್ಲಗೆ ಆಚೀಚೆ ಉಜ್ಜಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಇದು ನಡುಮನಿ ಕಲ್ಲಲ್ಲೇನೋ?"