ನೀರಿಗೂ ವಿದ್ಯುತ್ತಿಗೂ ಒಂದೇ ಲೆಕ್ಕಪುಸ್ತಕ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಭಾಗದಲ್ಲಿ ನೀರಿನ ಯೋಜನೆಯನ್ನು ನೀರಾವರಿ ನಿಗಮವೂ ವಿದ್ಯುತ್ತಿನ ಯೋಜನೆಯನ್ನು ಹೆಸ್ಕಾಂ ಸಂಸ್ಥೆಯೂ ಬೇರೆಬೇರೆಯಾಗಿ ಮಾಡುತ್ತಿವೆ. ಆದರೆ ಅಕ್ಕಿ ಗಿರಣಿ ಅಥವಾ ಹತ್ತಿ ಜಿನ್ನಿಂಗ್ ಕಾರ್ಖಾನೆ ನಡೆಸುವವರ ಪಾಲಿಗೆ ಇವೆರಡೂ ಒಂದೇ ಖಾತೆಯ ಬಾಬುಗಳು. ಮಳೆ ಕೈಕೊಟ್ಟರೆ ಮಾಲೂ ಬಾರದು, ಕೊಳವೆಬಾವಿಗಳ ಭಾರದಿಂದ ವಿದ್ಯುತ್ತೂ ನಿಲ್ಲದು.

ವರದಾ, ಧರ್ಮಾ, ಕುಮುದ್ವತಿ ಮೂರೂ ಮಳೆಯಾಶ್ರಿತ ನದಿಗಳು. ಆದ್ದರಿಂದ ಏತ ನೀರಾವರಿಯೇ ಪರಿಹಾರವೆಂಬ ಮಾತು ಸಹಜವಾಗಿ ಕೇಳಿಬರುತ್ತದೆ. ಬೇಡ್ತಿ–ವರದಾ ಜೋಡಣೆಯ ಪ್ರಸ್ತಾವದಲ್ಲೂ ನೀರನ್ನು ಪಂಪ್ ಮಾಡಿ ಮೇಲೆತ್ತಲೇಬೇಕು. ಉತ್ತರ ಕನ್ನಡದಲ್ಲಿ ಅದಕ್ಕೆ ಪ್ರಬಲ ವಿರೋಧವೂ ಇದೆ.

ಇಲ್ಲಿ ಒಂದು ಸರಳ ಲೆಕ್ಕ ಅವಶ್ಯ. ಒಂದು ಟಿಎಂಸಿ ಅಡಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಅದನ್ನು 50 ಮೀಟರ್ ಎತ್ತರಕ್ಕೆ, ಶೇ. 70ರ ದಕ್ಷತೆಯಲ್ಲಿ ಎತ್ತಲು ಸುಮಾರು 55 ಲಕ್ಷ ಯೂನಿಟ್ ಬೇಕು. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ಪ್ರತಿವರ್ಷ 3.3 ಕೋಟಿ ರೂಪಾಯಿ. ಕಾಮಗಾರಿಯ ಅಂದಾಜು ವೆಚ್ಚವನ್ನು ಎಲ್ಲರೂ ಕೇಳುತ್ತಾರೆ. ಈ ವಾರ್ಷಿಕ ಖರ್ಚನ್ನು ಯಾರು ಭರಿಸಬೇಕೆಂದು ಕೇಳುವವರು ವಿರಳ.

10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತನ್ನು ರೈತನಿಂದ ಕಸಿಯಬೇಕೆಂದು ಯಾರೂ ಹೇಳಲಾರರು. ಅವನ ಬೆಳೆಯೇ ನಮ್ಮ ವ್ಯಾಪಾರದ ಮೂಲ. ಆದರೆ ಸರ್ಕಾರದ ಸಹಾಯಧನ ವಿಳಂಬವಾದಾಗ ವಿತರಣಾ ಸಂಸ್ಥೆಯ ಸಾಲ ಬೆಳೆಯುತ್ತದೆ. ಅದರ ಬಡ್ಡಿ ಒಂದಿಲ್ಲೊಂದು ದಾರಿಯಿಂದ ಗ್ರಾಹಕನ ಬಿಲ್ಲಿಗೆ ಬರುತ್ತದೆ.

ಅಂತರ್ಜಲವು ನಮ್ಮ ಬಂಡವಾಳ, ಮಳೆಯು ವರ್ಷದ ಆದಾಯ. ಬಂಡವಾಳವನ್ನೇ ಖರ್ಚು ಮಾಡುವ ಅಂಗಡಿ ಬಹುಕಾಲ ಬಾಳದು. ಹಾನಗಲ್ಲದ ಆನೆಕೆರೆ, ಸವಣೂರಿನ ಮೋತಿ ತಲಾಬ, ಮಾಸೂರಿನ ಮದಗದ ಕೆರೆ ಈ ಸತ್ಯವರಿತ ಹಿರಿಯರ ಆಸ್ತಿಗಳು. ಹೊಸ ಏತ ಯೋಜನೆಗೆ ಮುನ್ನ ಇಂತಹ ಕೆರೆಗಳ ಹೂಳು ಹಾಗೂ ಕಾಲುವೆಗಳ ಸೋರಿಕೆಯನ್ನು ಸರಿಪಡಿಸುವುದು ಕಡಿಮೆ ಖರ್ಚಿನ ಮಾರ್ಗ.

ಕೇಂದ್ರದ 2023ರ ನಿಯಮಗಳು ಬಿಸಿಲಿನ ವೇಳೆಯ ವಿದ್ಯುತ್ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆ ಇರಬೇಕೆಂದು ಹೇಳುತ್ತವೆ. ಪಂಪುಗಳೂ ಗಿರಣಿಗಳೂ ಹಗಲಿನ ಸೌರಶಕ್ತಿಯನ್ನು ಹಂಚಿಕೊಳ್ಳುವಂತೆ ಫೀಡರುಗಳನ್ನು ರೂಪಿಸುವುದು ಜಾಣತನ.

ನಮ್ಮ ಸಂಸ್ಥೆಯು ನಾಲ್ಕೂ ತಾಲ್ಲೂಕುಗಳ ನೀರು ಹಾಗೂ ವಿದ್ಯುತ್ತಿನ ಹತ್ತು ವರ್ಷಗಳ ಜಂಟಿ ಆಯ-ವ್ಯಯ ಪಟ್ಟಿಯನ್ನು ಜಿಲ್ಲಾಡಳಿತದಿಂದ ಕೇಳಬೇಕು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸಾರ್ವಜನಿಕ ವಿಚಾರಣೆಗಳಲ್ಲಿ ಅಂಕಿಸಂಖ್ಯೆಗಳೊಡನೆ ವಾದ ಮಂಡಿಸಬೇಕು. ಲೆಕ್ಕ ಕೇಳದ ಪಾಲುದಾರನಿಗೆ ಕೊನೆಗೆ ನಷ್ಟದ ಪಾಲು ಮಾತ್ರ ದಕ್ಕುತ್ತದೆ.