ಗಣತಿಯ ಪಟ್ಟಿಗೆ ಸಿಗದ ದಾರಿ

ಜನಗಣತಿಯ ನಂತರ ಪ್ರಕಟವಾಗುವ ಜಿಲ್ಲಾ ಕೈಪಿಡಿಯಲ್ಲಿ ಪ್ರತಿಯೊಂದು ಕಂದಾಯ ಗ್ರಾಮಕ್ಕೂ ಒಂದು ಸಾಲು ಮೀಸಲು. ವಿಸ್ತೀರ್ಣ, ಮನೆಗಳು, ಜನಸಂಖ್ಯೆ, ಶಾಲೆ, ರಸ್ತೆ, ಬಸ್ಸು ಎಲ್ಲವೂ ಆ ಸಾಲಿನಲ್ಲಿ ಅಡಕ. 2011ರ ಕೈಪಿಡಿ ಗ್ರಾಮದಲ್ಲಿ ಬಸ್ ಸೌಕರ್ಯ ಇದೆಯೇ ಎಂದು ಹೇಳುತ್ತದೆ. ಇಲ್ಲವಾದರೆ ಅದು 5 ಕಿ.ಮೀ.ಗಿಂತ ಹತ್ತಿರವೋ, 5ರಿಂದ 10 ಕಿ.ಮೀ. ದೂರವೋ, ಅದಕ್ಕೂ ಆಚೆಯೋ ಎಂಬುದನ್ನು ಒಂದು ಸಂಕೇತಾಕ್ಷರದಲ್ಲಿ ಸೂಚಿಸುತ್ತದೆ. ಮನೆಗಳು ಒತ್ತಾಗಿ ಒಂದೆಡೆ ಇರುವ ಬಯಲುಸೀಮೆಗೆ ಈ ಲೆಕ್ಕ ಬಹುಮಟ್ಟಿಗೆ ಸಾಕು.

ಮಲೆನಾಡಿನ ಗ್ರಾಮದ ಸ್ವರೂಪವೇ ಬೇರೆ. ಗದ್ದೆ, ತೋಟ, ನೀರು ಇರುವಲ್ಲಿ ಇಲ್ಲಿ ಮನೆ. ಒಂದು ಗ್ರಾಮವೆಂದರೆ ಹಲವು ಮಜರೆಗಳು. ಮಜರೆಗಳ ನಡುವೆ ಗುಡ್ಡ, ಕಾನು, ಹಳ್ಳ. ಗ್ರಾಮದ ಒಂದು ಅಂಚಿನಲ್ಲಿ ಬಸ್ಸು ಹಾದುಹೋದರೆ ಇಡೀ ಗ್ರಾಮದ ಹೆಸರಿನ ಮುಂದೆ ‘ಇದೆ’ ಎಂದು ದಾಖಲಾಗುತ್ತದೆ. ಇನ್ನೊಂದು ಅಂಚಿನ ವಿದ್ಯಾರ್ಥಿನಿ ಆ ಬಸ್ಸಿಗಾಗಿ ಎಷ್ಟು ದೂರ ನಡೆಯುತ್ತಾಳೆ, ಆಷಾಢದಲ್ಲಿ ಹಳ್ಳ ಉಕ್ಕಿದಾಗ ಎಷ್ಟು ದಿನ ಮನೆಯಲ್ಲೇ ಉಳಿಯುತ್ತಾಳೆ ಎಂಬುದಕ್ಕೆ ಆ ಸಾಲಿನಲ್ಲಿ ಜಾಗವಿಲ್ಲ.

ಯೋಜನೆಗಳು ರೂಪುಗೊಳ್ಳುವುದು ಇಂಥ ಪಟ್ಟಿಗಳಿಂದಲೇ. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ 500, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿರುವ ವಸತಿಗಳನ್ನು ಅರ್ಹವೆಂದು ಗೊತ್ತುಪಡಿಸಿತು. ಕರ್ನಾಟಕ ಗುಡ್ಡಗಾಡು ರಾಜ್ಯಗಳ ಸಾಲಿಗೆ ಸೇರಿಲ್ಲ. ಹಾಗಾಗಿ ಸಹ್ಯಾದ್ರಿಯ ಚದುರಿದ ಮಜರೆಗೂ ಸಾಮಾನ್ಯವಾಗಿ ಬಯಲಿನ ಅಳತೆಗೋಲೇ ಅನ್ವಯ. 2024ರಲ್ಲಿ ಒಪ್ಪಿಗೆ ಪಡೆದ ಅದರ ನಾಲ್ಕನೆಯ ಹಂತವೂ 2011ರ ಜನಸಂಖ್ಯೆಯನ್ನೇ ಆಧರಿಸಿದೆ.

ಅಷ್ಟರಲ್ಲಿ ಊರುಗಳು ಬರಿದಾಗುತ್ತಿವೆ. 2001ರಲ್ಲಿ 11,40,905 ಇದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ಅದೇ ದಶಕದಲ್ಲಿ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಏರಿತ್ತು. ಇದಕ್ಕೆ ಸಾರಿಗೆಯೊಂದೇ ಕಾರಣವಲ್ಲ. ಆದರೆ ಜನ ಕಡಿಮೆಯಾದಲ್ಲಿ ಬಸ್ಸಿಗೆ ಗಿಟ್ಟುವುದಿಲ್ಲ. ಬಸ್ಸು ನಿಂತಲ್ಲಿ ಮಕ್ಕಳನ್ನು ಓದಿಸಬೇಕೆನ್ನುವವರು ಪೇಟೆಗೆ ಮನೆ ಮಾಡುತ್ತಾರೆ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿ, ಒಳನಾಡಿನ ಹಳ್ಳಿಗಳಿಗೆ ಬಸ್ಸು ಓಡಿಸಿದ ‘ಸಹಕಾರ ಸಾರಿಗೆ’ 2020ರಲ್ಲಿ ನಿಂತುಹೋಯಿತು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಜಾರಿಗೆ ಬಂದಿತು. ಸರ್ಕಾರಿ ಬಸ್ಸೇ ಬಾರದ ದಾರಿಯಲ್ಲಿ ಅದರಿಂದ ಪ್ರಯೋಜನವೇನು?

ಹಾಗೆಂದು ಪ್ರತಿ ಮಜರೆಗೂ ಗುಡ್ಡ ಕಡಿದು ಅಗಲ ರಸ್ತೆ ಮಾಡಬೇಕೆಂದಲ್ಲ. ಇಳಿಜಾರಿನ ಬುಡ ಕತ್ತರಿಸಿ ನೀರಿನ ಹರಿವಿಗೆ ತಡೆಯೊಡ್ಡಿದರೆ ಮಳೆಗಾಲದಲ್ಲಿ ಧರೆ ಕುಸಿಯುತ್ತದೆ. ಅನೇಕ ಕಡೆ ಬೇಕಿರುವುದು ಒಂದು ಗಟ್ಟಿಯಾದ ಕಾಲುಸಂಕ, ಒಂದು ಮೋರಿ, ಶಾಲೆಯ ಹೊತ್ತಿಗೆ ಬಂದುಹೋಗುವ ಒಂದು ಮಿನಿ ಬಸ್ಸು. ಸುಳ್ಯ ತಾಲ್ಲೂಕಿನ ಅರಂಬೂರಿನಲ್ಲಿ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಪಯಸ್ವಿನಿ ನದಿಗೆ ಕಟ್ಟಿದ ತೂಗುಸೇತುವೆ, ಕಾಡು ಕಡಿಯದೆಯೂ ಊರು ಬೆಸೆಯಬಹುದೆಂದು ತೋರಿಸಿಕೊಟ್ಟಿತು. ಎಲ್ಲಿಗೆ ಯಾವುದು ಬೇಕೆಂದು ತಿಳಿಯಲು ಮೊದಲು ಸರಿಯಾದ ಲೆಕ್ಕ ಬೇಕು.

2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1 ಅದರ ಉಲ್ಲೇಖ ದಿನವೆಂದು 2025ರಲ್ಲಿ ಅಧಿಸೂಚನೆ ಹೊರಬಿತ್ತು. ಆ ಗಣತಿಯ ಪಟ್ಟಿಯ ಜೊತೆಗೆ ಊರಿನವರದೇ ಒಂದು ಪಟ್ಟಿಯೂ ಇರಲಿ. 2002ರ ಜೀವವೈವಿಧ್ಯ ಕಾಯಿದೆಯಡಿ ಗಿಡಮರಗಳ ದಾಖಲಾತಿ ಮಾಡಿದ ಹಳ್ಳಿಗಳಿಗೆ ಇದು ಕಷ್ಟದ ಕೆಲಸವಲ್ಲ. ಮಜರೆವಾರು ಮನೆಗಳೆಷ್ಟು, ಶಾಲೆಗೆ ಹೋಗುವವರೆಷ್ಟು, ವೃದ್ಧರೆಷ್ಟು. ಬಸ್ಸಿನವರೆಗೆ ಬೇಸಿಗೆಯಲ್ಲಿ ಎಷ್ಟು ನಡಿಗೆ, ಮಳೆಗಾಲದಲ್ಲಿ ಎಷ್ಟು. ಯಾವ ಹಳ್ಳ ಯಾವ ತಿಂಗಳು ದಾರಿ ಕಟ್ಟುತ್ತದೆ ಎಂಬುದನ್ನು ಕಾಲೇಜು ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಬರೆದಿಡಬಹುದು. ಅದನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ದಾಖಲಿಸಿ, ಪಂಚಾಯಿತಿಯ ಅಭಿವೃದ್ಧಿ ಯೋಜನೆಗೆ ಸೇರಿಸುವುದು ಹಿರಿಯರ ಹೊಣೆ. ಊರಿನಲ್ಲಿ ಜನ ಉಳಿದಿರುವಾಗಲೇ ಈ ಲೆಕ್ಕ ಆಗಬೇಕು.